ಮುಂಗಾರಿನ ಗಾಳಿ ವರದಿಯಲ್ಲಿ ಇರಲಿಲ್ಲ

ಗಿಣಿಗೇರಿ ಸುತ್ತಮುತ್ತ ಸ್ಪಾಂಜ್ ಐರನ್ (ಅದಿರಿನಿಂದ ಮಾಡುವ ಉಕ್ಕಿನ ಕಚ್ಚಾವಸ್ತು) ಕಾರ್ಖಾನೆಗಳ ಕಪ್ಪು ಧೂಳು ಎಲ್ಲರಿಗೂ ಗೊತ್ತು. ಅಂಥದ್ದೇ ಒಂದು ಕಾರ್ಖಾನೆ ದೊಡ್ಡದಾಗಲು ಹೊರಟಾಗ, ಪರಿಸರ ಅನುಮತಿಗೆ ಮೊದಲು ಜನರ ಮಾತು ಕೇಳುವ ಅಹವಾಲು ಸಭೆಗೆ ಊರವರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕೊಪ್ಪಳದಲ್ಲಿ ವಕೀಲಿ ಮಾಡುತ್ತೇನೆ.

ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆ ಅಧ್ಯಯನದ ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ಕನ್ನಡದ ಸಾರಾಂಶವೂ ಜೊತೆಗಿರುತ್ತದೆ. ಆದರೆ ಬರೀ ಸಾರಾಂಶ ಓದಿದರೆ ಏನೂ ಸಿಗುವುದಿಲ್ಲ. ದಪ್ಪ ವರದಿಯಲ್ಲೇ ವಿಷಯ ಇರುವುದು.

ಅದರಲ್ಲಿ ಗಾಳಿಯ ಅಧ್ಯಾಯವನ್ನು ಗುಡಿ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಳತೆ ಮಾಡಿದ್ದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಅಳೆಯಲು ಅವಕಾಶವಿದೆ. ಆ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಜಾಸ್ತಿ ಮೂಡಣದಿಂದ ಬರುತ್ತದೆ. ಹಾಗಾಗಿ ನಕ್ಷೆಯಲ್ಲಿ ಧೂಳೆಲ್ಲ ಪಶ್ಚಿಮಕ್ಕೆ ಹೋಗಿತ್ತು. ನಮ್ಮ ಊರು ಇರುವುದು ಪೂರ್ವಕ್ಕೆ. ಹಿರಿಯರೊಬ್ಬರು ತಕ್ಷಣ ಕೇಳಿದರು: "ತಮ್ಮಾ, ಮುಂಗಾರಿನಾಗ ಗಾಳಿ ಪಡುವಲಿಂದ ಬೀಸತೈತಿ. ಆವಾಗ ನಮ್ಮ ಹತ್ತಿ ಮ್ಯಾಲೆ ಬೀಳೋ ಬೂದಿ ಎಲ್ಲಿ ಬರದಾರ?"

ಎಲ್ಲೂ ಬರೆದಿರಲಿಲ್ಲ. ನಮ್ಮ ಅರ್ಜಿ ಆ ಪ್ರಶ್ನೆಯ ಮೇಲೆಯೇ ನಿಂತಿತು. ವರದಿಯ ಪುಟ ಸಂಖ್ಯೆ, ಅಳತೆಯ ತಿಂಗಳು ಬರೆದು, ಪೂರ್ವದ ಊರಲ್ಲಿ ಮಳೆಗಾಲದಲ್ಲೂ ಧೂಳು ಅಳೆಯಬೇಕು ಎಂದು ಕೇಳಿದೆವು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. "ಕಾರ್ಖಾನೆ ಬೇಡ" ಎಂದು ಕೂಗುವುದು ತಪ್ಪಲ್ಲ. ಆದರೆ ಅದಕ್ಕೆ ಕಂಪನಿ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸುತ್ತದೆ. ಇಂಥ ಪ್ರಶ್ನೆಗೆ ಹಾಗೆ ಮಾಡುವುದು ಕಷ್ಟ.

ಸಭೆ ಬಹಿಷ್ಕರಿಸೋಣ ಎಂದು ಕೆಲವರು ಹೇಳಿದ್ದರು. ನಾನು ಒಪ್ಪಲಿಲ್ಲ. ಈ ಸಭೆಗೆ ಕೋರಂ ಇಲ್ಲ, ಯಾರೂ ಬರದಿದ್ದರೂ ನಡೆದೇ ನಡೆಯುತ್ತದೆ. ಕೊನೆಗೆ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಎಷ್ಟೋ ಜನ ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ, ಅಲ್ವಾ? ನಮ್ಮವರು ಕದಲಲಿಲ್ಲ. ಓದಿದ ನಡಾವಳಿಯಲ್ಲಿ ಗಾಳಿಯ ವಿಷಯ ಬಿಟ್ಟುಹೋಗಿತ್ತು. ಹೆಣ್ಣುಮಕ್ಕಳು ಎದ್ದು ನಿಂತು ಅದನ್ನು ಬರೆಸಿದರು.

ಅನುಮತಿ ಸಿಕ್ಕಿತು, ನಿಜ. ಆದರೆ ಪೂರ್ವದಲ್ಲಿ ಧೂಳು ಅಳೆಯುವ ಷರತ್ತೂ ಸೇರಿತು. ಅನುಮತಿಯನ್ನು ಪ್ರಶ್ನಿಸಿ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ ಇರುತ್ತದೆ, ಸರಿಯಾದ ಕಾರಣವಿದ್ದರೆ ಇನ್ನೂ 60 ದಿನ. ನಾವು ಷರತ್ತನ್ನೇ ಹಿಡಿದುಕೊಂಡೆವು. ಕಂಪನಿ ಪ್ರತಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಷರತ್ತುಗಳನ್ನು ಪಾಲಿಸಿದ್ದರ ವರದಿ ಕೊಡಬೇಕು. ಡಿಸೆಂಬರ್‌ನ ವರದಿಯಲ್ಲಿ ಮಳೆಗಾಲದ ಅಂಕಿಗಳು ಇವೆಯೇ ಎಂದು ಊರ ಹುಡುಗರೇ ಈಗ ನೋಡುತ್ತಾರೆ.