ಎಕ್ಕದ ಗಿಡದ ಅಂದ ಫೋಟೊದಲ್ಲಿ ಬರಬೇಕಾದರೆ

ದೇವರಾಯನದುರ್ಗದ ದಾರಿಯಲ್ಲಿ ಗಿಡಗಳ ಫೋಟೊ ತೆಗೆಯುವವರನ್ನು ನೋಡುತ್ತಲೇ ಇರುತ್ತೇನೆ. ನಿಂತಲ್ಲಿಂದಲೇ ಬಗ್ಗಿ, ಫೋನ್ ಓರೆ ಹಿಡಿದು ಕ್ಲಿಕ್. ಒಂದು ಎಲೆ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಗಿಡದ ಆಕಾರವೇ ಸಿಗುವುದಿಲ್ಲ.

ಗಿಡ: ಎಕ್ಕದಿಂದ ಶುರು ಮಾಡಿ. ತುಮಕೂರಿನ ಯಾವ ರಸ್ತೆ ಬದಿಯಲ್ಲೂ ಸಿಗುತ್ತದೆ.

ಹೊತ್ತು: ಬೆಳಗ್ಗೆ ಬೇಗ, ಗಾಳಿ ಏಳುವ ಮೊದಲು. ಮಧ್ಯಾಹ್ನದ ಬಿಸಿಲಲ್ಲಿ ಸುಮ್ನೆ ಹೋಗಬೇಡಿ.

ಕೋನ: ಎಲ್ಲರೂ ಎಡವುವುದು ಇಲ್ಲೇ. ಎಕ್ಕದ ಎಲೆಗಳು ಜೋಡಿ ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಉದ್ದಕ್ಕಿದ್ದರೆ ಮೇಲಿನದು ಅಡ್ಡಕ್ಕೆ. ಈ ಕಟ್ಟು ಕಾಣುವುದು ಕುಡಿಯ ನೇರ ಮೇಲಿನಿಂದ ನೋಡಿದಾಗ ಮಾತ್ರ. ಕಾಂಡ ವಾಲಿದ್ದರೆ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ. ಎಲೆ ಹರಡಿರುವ ಮಟ್ಟಕ್ಕೆ ಫೋನಿನ ಬೆನ್ನು ಸಮಾನಾಂತರವಾಗಿರಬೇಕು. ಯಾಕೆ ಇಷ್ಟು ಹಟ ಅಂದರೆ, ಹತ್ತಿರ ಹೋದಷ್ಟೂ ಸ್ಪಷ್ಟತೆಯ ಪದರ ತೆಳುವಾಗುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 1:1 ಮ್ಯಾಕ್ರೋ, ಅಂದರೆ ವಸ್ತುವಿನ ನಿಜ ಗಾತ್ರವೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರದ ಫೋಟೊ ತೆಗೆದರೆ, ಲೆನ್ಸಿನ ಕಿಂಡಿಯನ್ನು ಎಫ್/8ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಸಿಗುವುದು ಸುಮಾರು 1 ಮಿ.ಮೀ. ಮಾತ್ರ! ಸ್ವಲ್ಪ ಓರೆಯಾದರೂ ಅರ್ಧ ಎಲೆ ಹೋಯಿತು. ಹೂವಿಗೂ ಇದೇ ಮಾತು. ಐದು ಎಸಳು, ನಡುವೆ ಕಿರೀಟ. ನೇರ ಎದುರಿನಿಂದ ನೋಡಿದರೆ ಮಾತ್ರ ಆ ಐದರ ಲೆಕ್ಕ ಕಣ್ಣಿಗೆ ಬೀಳುತ್ತದೆ.

ರಾಗಿ ತೆನೆ ಬೇರೆ ಥರ. ಅದರ ಬೆರಳುಗಳು ಸುತ್ತಲೂ ಇರುವುದರಿಂದ ಎಲ್ಲವೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಒಂದಡಿ ಹಿಂದೆ ಸರಿದು, ಎದುರಿನ ಬೆರಳಿಗೆ ಫೋಕಸ್ ಇಟ್ಟು ತೆಗೆಯಿರಿ. ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು.

ಫೋಕಸ್: ಪರದೆಯನ್ನು ಒತ್ತಿ ಹಿಡಿದು ಲಾಕ್ ಮಾಡಿ. ನಂತರ ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ನಾಲ್ಕೈದು ಫೋಟೊ ತೆಗೆಯಿರಿ. ಫೋನಿನ ಮ್ಯಾಕ್ರೋ ಮೋಡ್‌ಗಿಂತ 2ಎಕ್ಸ್ ಝೂಮ್ ವಾಸಿ. ಮ್ಯಾಕ್ರೋದಲ್ಲಿ ಎಲೆಗೆ ಅಂಟಿಕೊಂಡಷ್ಟು ಹತ್ತಿರ ಹೋಗಬೇಕು, ನಿಮ್ಮ ನೆರಳೇ ಬೀಳುತ್ತದೆ. ಫೋನಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಲೆನ್ಸ್ ಕೊಳ್ಳಲೇಬೇಡಿ, ಅಂಚು ಪೂರ್ತಿ ಕಲಸಿಹೋಗುತ್ತದೆ.

ಹಿನ್ನೆಲೆ: ಕಪ್ಪು ಕೊಡೆ ಸಾಕು. ಗಿಡದ ಹಿಂದೆ ಬಿಚ್ಚಿಟ್ಟರೆ ಬೇಲಿ, ಪ್ಲಾಸ್ಟಿಕ್ ಎಲ್ಲ ಮರೆಯಾಗುತ್ತದೆ, ಗಾಳಿಗೂ ಅಡ್ಡ. ಬಾಟಲಿಯಿಂದ ನೀರು ಚಿಮುಕಿಸಿ ಇಬ್ಬನಿ ಮಾಡುವ ಅಡ್ಡದಾರಿ ನನಗೆ ಇಷ್ಟವಿಲ್ಲ. ನೋಡುವವರ ಗಮನ ಹನಿಗೆ ಹೋಗುತ್ತದೆ, ಎಲೆ ಹಿಂದೆ ಬೀಳುತ್ತದೆ.

ಎಡಿಟ್: ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದಮೇಲೂ ಆಕಾರ ನಿಂತರೆ ಆ ಫೋಟೊ ಇಟ್ಟುಕೊಳ್ಳಿ.

ಎಲೆ ಕೀಳಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಗಿಡ ಮುಟ್ಟಿದ್ದರೆ ಕೈ ತೊಳೆದುಕೊಂಡೇ ಮನೆಗೆ ಹೊರಡಿ.