ಒಂದೇ ಪ್ರವಾಸ, ಮೂರು ರೆಸಾರ್ಟ್: ಡಿಸ್ನಿ ವರ್ಲ್ಡ್‌ನಲ್ಲಿ ನಾವು ವಸತಿ ಬದಲಿಸಿದ ಬಗೆ

ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇವೆ, ಅಲ್ಲಿ ಒಂದೇ ಕಡೆ ಉಳಿಯದೆ ಮೂರು ರೆಸಾರ್ಟ್‌ಗಳಲ್ಲಿ ಉಳಿಯುತ್ತೇವೆ ಅಂದಾಗ ನ್ಯೂಜೆರ್ಸಿಯ ನಮ್ಮ ಗೆಳೆಯರ ಬಳಗ ಕೇಳಿದ್ದು ಒಂದೇ ಪ್ರಶ್ನೆ: "ವಯಸ್ಸಾದ ಅಪ್ಪ-ಅಮ್ಮನ್ನ ಕಟ್ಕೊಂಡು ಯಾಕಪ್ಪಾ ಈ ಅಲೆದಾಟ?" ನನ್ನ ಲೆಕ್ಕ ಉಲ್ಟಾ ಇತ್ತು. ಅವರು ಜೊತೆಗಿದ್ದರು ಅನ್ನುವ ಕಾರಣಕ್ಕೇ ಮೂರು ಕಡೆ ಉಳಿದದ್ದು. ನಾನು, ಹೆಂಡತಿ, ಇಬ್ಬರು ಮಕ್ಕಳು ಅಷ್ಟೇ ಆಗಿದ್ದರೆ ಎಲ್ಲಾದರೂ ಒಂದು ಅಗ್ಗದ ರೂಮು ಹಿಡಿದು ಸುಮ್ಮನಿರುತ್ತಿದ್ದೆ.

ಅಪ್ಪನ ಮನಸ್ಸಿನಲ್ಲಿ ಥೀಮ್ ಪಾರ್ಕ್ ಅಂದರೆ ಬಿಡದಿಯ ವಂಡರ್‌ಲಾ. ಬೆಳಿಗ್ಗೆ ಹೋಗುವುದು, ಸಂಜೆ ವಾಪಸ್ಸು. ಫ್ಲಾರಿಡಾದ ಈ ಜಾಗ ಸುಮಾರು 40 ಚದರ ಮೈಲಿ, ಅಂದರೆ ಹತ್ತಿರ ಹತ್ತಿರ ನೂರು ಚದರ ಕಿಲೋಮೀಟರ್. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಒಂದರಿಂದಲೇ ಶುರುವಾದದ್ದು. 1982ರಲ್ಲಿ ಎಪ್ಕಾಟ್ ಬಂತು, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಅನ್ನುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್. ಎಪ್ಕಾಟ್ ಮತ್ತು ಸ್ಟುಡಿಯೋಸ್ ಅಕ್ಕಪಕ್ಕ ಇವೆ, ಉಳಿದ ಎರಡು ಒಂದೊಂದು ಮೂಲೆಯಲ್ಲಿ. ನಡುವೆ ಕಾಡು, ಕೆರೆ, ಹೆದ್ದಾರಿ. ಬಸ್ಸು ಪುಕ್ಕಟೆ, ನಿಜ. ಆದರೆ ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬಂದು ಒಂದು ನಿದ್ದೆ ತೆಗೆದು, ಸಂಜೆ ಮತ್ತೆ ಹೋಗಿ, ರಾತ್ರಿ ಬರುವುದು ಅಂದರೆ ದಿನಕ್ಕೆ ನಾಲ್ಕು ಬಸ್ಸು. ಪ್ರತಿ ಸಲವೂ ಕಾಯುವ ಹೊತ್ತು, ನಿಲ್ಲುವ ಹೊತ್ತು. ಮಂಡಿನೋವಿನ ಅಮ್ಮನನ್ನು ಸುಸ್ತು ಮಾಡುವುದು ರೈಡುಗಳಲ್ಲ, ಈ ಬಸ್ಸುಗಳು.

ಹಾಗಾಗಿ ಮೊದಲು ರೆಸಾರ್ಟ್ ಹುಡುಕಲಿಲ್ಲ. ಯಾವ ದಿನ ಯಾವ ಪಾರ್ಕು ಅಂತ ಹಾಳೆಯ ಮೇಲೆ ಬರೆದುಕೊಂಡು, ಆಯಾ ಪಾರ್ಕಿಗೆ ಬಸ್ಸಿಲ್ಲದೆ, ಇಲ್ಲವೇ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತು ಕೂತು ಹೋಗಬಹುದಾದ ರೆಸಾರ್ಟ್ ಯಾವುದು ಅಂತ ನೋಡಿದೆ. ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಪಾಪ್ ಸೆಂಚುರಿ. ಅನಿಮಲ್ ಕಿಂಗ್‌ಡಮ್‌ಗೆ ಅದೇ ಹೆಸರಿನ ಲಾಡ್ಜ್. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಂಟೆಂಪರರಿ. ಅನುಕ್ರಮವೂ ಇದೇ. ಅಗ್ಗದಿಂದ ದುಬಾರಿಗೆ ಹೋಗಬೇಕೇ ಹೊರತು ದುಬಾರಿಯಿಂದ ಅಗ್ಗಕ್ಕೆ ಇಳಿಯಬಾರದು ಅನ್ನುವುದು ನನ್ನ ಹಟ. ಬಾಲ್ಕನಿ ನೋಡಿದ ಮಕ್ಕಳನ್ನು ಮೋಟೆಲ್ಲಿನಂಥ ರೂಮಿಗೆ ತಂದು ಕೂರಿಸಿದರೆ ಗೊಣಗಾಟ ಕೇಳುವವರು ನಾವೇ.

ಹೋದದ್ದು 2025ರ ನವೆಂಬರ್ ಮೊದಲ ಭಾಗದಲ್ಲಿ. ನ್ಯೂಜೆರ್ಸಿಯಲ್ಲಿ ಶಿಕ್ಷಕರ ಸಮಾವೇಶಕ್ಕೆಂದು ಶಾಲೆಗಳಿಗೆ ರಜೆ ಸಿಗುವ ವಾರ ಅದು. ನಮ್ಮ ರಾಜ್ಯದ ಅರ್ಧ ಜನ ಅಲ್ಲೇ ಸಿಗುತ್ತಾರೆ, ಜನಜಂಗುಳಿ ಇದ್ದೇ ಇರುತ್ತದೆ. ಆದರೆ ಬೇಸಿಗೆಯ ಸುಡು ಧಗೆ, ಮಧ್ಯಾಹ್ನದ ಗುಡುಗು ಮಳೆ ಇರುವುದಿಲ್ಲ. ಹಿರಿಯರಿದ್ದರೆ ನಾನು ಜನಜಂಗುಳಿಯನ್ನೇ ಆರಿಸಿಕೊಳ್ಳುತ್ತೇನೆ.

ಪಾಪ್ ಸೆಂಚುರಿಯ ರೂಮಿನಲ್ಲಿ ನಾಲ್ಕು ಜನಕ್ಕೆ ಮಾತ್ರ ಜಾಗ, ನಾವು ಆರು ಮಂದಿ. ಅಂದರೆ ಪ್ರತಿ ಕಡೆ ಎರಡು ರೂಮು, ಮೂರು ರೆಸಾರ್ಟ್ ಸೇರಿ ಆರು ಬುಕಿಂಗ್, ಆರು ನಂಬರ್. ಇವೆಲ್ಲವನ್ನೂ ಮೈ ಡಿಸ್ನಿ ಎಕ್ಸ್‌ಪೀರಿಯೆನ್ಸ್ ಆ್ಯಪ್‌ನಲ್ಲಿ ಒಂದೇ ಖಾತೆಗೆ ಜೋಡಿಸಿದೆ. ಪಾರ್ಕಿನ ಟಿಕೆಟ್ಟನ್ನು ಯಾವ ರೂಮಿನ ಬುಕಿಂಗಿಗೂ ಅಂಟಿಸದೆ ಬೇರೆಯಾಗಿ ಕೊಂಡೆ. ಬರೀ ರೂಮಿನ ಬುಕಿಂಗ್ ಆದರೆ ಐದಾರು ದಿನ ಮುಂಚೆವರೆಗೂ ಮುಂಗಡ ಕಳೆದುಕೊಳ್ಳದೆ ರದ್ದು ಮಾಡಬಹುದು. ಟಿಕೆಟ್ ಸೇರಿದ ಪ್ಯಾಕೇಜ್ ಆದರೆ ಆ ಗಡುವು 30 ದಿನ. ಮೂರು ತುಂಡಿನ ಪ್ರವಾಸದಲ್ಲಿ ಯಾವುದೋ ಒಂದು ತುಂಡು ಕೊನೆ ಗಳಿಗೆಯಲ್ಲಿ ಅಲುಗಾಡುವುದು ಸಹಜ, ಆಗ ಈ ಸಡಿಲಿಕೆ ಬೇಕಾಗುತ್ತದೆ. ಊಟದ ಟೇಬಲ್ ಕಾದಿರಿಸುವುದಕ್ಕೆ 60 ದಿನ ಮುಂಚೆ ಬಾಗಿಲು ತೆರೆಯುತ್ತದಲ್ಲ, ಅದನ್ನೂ ನಾನು ಒಂದೊಂದು ರೆಸಾರ್ಟಿನ ಚೆಕ್-ಇನ್ ದಿನದಿಂದ ಹಿಂದಕ್ಕೆ ಎಣಿಸಿ, ಮೂರು ತಾರೀಖುಗಳನ್ನು ಬೇರೆ ಬೇರೆಯಾಗಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡಿದ್ದೆ.

ಪ್ಯಾಕಿಂಗು ಹೆಂಡತಿಯ ಐಡಿಯಾ. ಒಬ್ಬೊಬ್ಬರಿಗೆ ಒಂದು ಸೂಟ್‌ಕೇಸ್ ಬದಲು ಒಂದೊಂದು ರೆಸಾರ್ಟಿಗೆ ಒಂದು. ಪಾಪ್ ಸೆಂಚುರಿಯ ಪೆಟ್ಟಿಗೆಯಲ್ಲಿ ಆರು ಜನರ ಮೊದಲ ದಿನಗಳ ಬಟ್ಟೆ, ಲಾಡ್ಜಿನದರಲ್ಲಿ ಮಧ್ಯದ್ದು, ಕಂಟೆಂಪರರಿಯದರಲ್ಲಿ ಕೊನೆಯದು. ಜಾಗ ಬದಲಿಸಿದಾಗ ಇಡೀ ಸಂಸಾರ ಬಿಚ್ಚಿ ಕಟ್ಟುವ ಕೆಲಸವೇ ಇಲ್ಲ. ಒಗೆಯುವ ಬಟ್ಟೆ ಹಳೇ ಪೆಟ್ಟಿಗೆಗೆ, ಹೊಸ ಪೆಟ್ಟಿಗೆ ಹೊಸ ರೂಮಲ್ಲಿ ಮಾತ್ರ ಬಿಚ್ಚುವುದು.

ಪಾಪ್ ಸೆಂಚುರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕಟ್ಟಡದಷ್ಟೆತ್ತರದ ಯೋಯೋಗಳು, ಗೋಡೆಗೆ ಮಡಚಿಡುವ ಮಂಚ, ಗಲಾಟೆಯ ಫುಡ್ ಕೋರ್ಟು. ನಮಗೆ ಬೇಕಾಗಿದ್ದದ್ದು ಅದರ ಪಕ್ಕದ ಕೆರೆಯ ಸೇತುವೆ ಮೇಲಿರುವ ಸ್ಕೈಲೈನರ್ ನಿಲ್ದಾಣ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ಈ ತಂತಿ ತೊಟ್ಟಿಲು ಕೆರಿಬಿಯನ್ ಬೀಚ್ ರೆಸಾರ್ಟಿನ ನಿಲ್ದಾಣಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದು ದಾರಿ ಹಾಲಿವುಡ್ ಸ್ಟುಡಿಯೋಸ್‌ಗೆ, ಇನ್ನೊಂದು ಎಪ್ಕಾಟ್‌ನ ಹಿಂಬಾಗಿಲಿಗೆ. ತೊಟ್ಟಿಲು ನಿಲ್ಲದೆ ನಿಧಾನಕ್ಕೆ ಚಲಿಸುತ್ತಲೇ ಇರುತ್ತದೆ, ನಾವೇ ಹತ್ತಿಕೊಳ್ಳಬೇಕು. ಅದನ್ನು ಕಂಡ ಅಮ್ಮ, "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂತ ಅಲ್ಲೇ ನಿಂತುಬಿಟ್ಟರು. ಸಿಬ್ಬಂದಿಗೆ ಹೇಳಿದೆ. ಗಾಲಿಕುರ್ಚಿಯವರಿಗಾಗಿ ತೊಟ್ಟಿಲು ಪೂರ್ತಿ ನಿಲ್ಲುವ ಬೇರೆ ಜಾಗ ಇದೆ, ಅಲ್ಲಿಗೆ ಕರೆದೊಯ್ದರು. ಹಿರಿಯರಿರುವವರು ಮೊದಲೇ ಕೇಳಿಬಿಡಿ. ಒಳಗೆ ಎಸಿ ಇಲ್ಲ, ಮಿಂಚು ಬಂದರೆ ಓಡಿಸುವುದಿಲ್ಲ. ಮಳೆಗಾಲದಲ್ಲಿ ಹೋಗುವವರು ಇದನ್ನೇ ನಂಬಿ ಕೂರಬೇಡಿ.

ಜಾಗ ಬದಲಿಸುವ ದಿನವೇ ಇಡೀ ಯೋಜನೆಯ ಕೀಲು. ಚೆಕ್-ಔಟ್ ಬೆಳಿಗ್ಗೆ 11ಕ್ಕೆ, ಮುಂದಿನ ಕಡೆ ಚೆಕ್-ಇನ್ ಮಧ್ಯಾಹ್ನ 3ಕ್ಕೆ. ನಡುವಿನ ನಾಲ್ಕು ಗಂಟೆ ನಿಮಗೆ ರೂಮೇ ಇಲ್ಲ. ಸಾಮಾನಿನ ಚಿಂತೆ ಮಾತ್ರ ಬೇಡ. ಡಿಸ್ನಿಯದೇ ರೆಸಾರ್ಟುಗಳ ನಡುವೆ ಬೆಲ್ ಸರ್ವಿಸಸ್‌ನವರು ಪೆಟ್ಟಿಗೆಗಳನ್ನು ಹಣ ತೆಗೆದುಕೊಳ್ಳದೆ ಸಾಗಿಸುತ್ತಾರೆ. ಬೆಳಿಗ್ಗೆ ಅವರ ಕೌಂಟರಿಗೆ ಒಪ್ಪಿಸಿ, ಹೆಸರು, ಮುಂದಿನ ರೆಸಾರ್ಟು, ಅಲ್ಲಿನ ಬುಕಿಂಗ್ ನಂಬರು ಹೇಳಿ ಚೀಟಿ ಪಡೆದರೆ ಸಂಜೆಯ ಹೊತ್ತಿಗೆ ಅವು ಆ ಕಡೆ ಇರುತ್ತವೆ. ಟಿಪ್ಸ್ ಕೊಡುವುದು ಮರ್ಯಾದೆ. ಡಿಸ್ನಿಯ ಪ್ರತಿಸ್ಪರ್ಧಿ ಯೂನಿವರ್ಸಲ್‌ನ ಹೋಟೆಲಿಗೋ ಹೊರಗಿನ ಬೇರೆ ಹೋಟೆಲಿಗೋ ಹೋಗುವುದಾದರೆ ಈ ಸೌಲಭ್ಯ ಇಲ್ಲ. 2025ರ ಮೇ ತಿಂಗಳಲ್ಲಿ ಯೂನಿವರ್ಸಲ್‌ನ ಹೊಸ ಪಾರ್ಕು ಎಪಿಕ್ ಯೂನಿವರ್ಸ್ ತೆರೆದ ಮೇಲೆ ಎರಡನ್ನೂ ಸೇರಿಸಿ ಹೋಗುವವರು ತುಂಬ ಜನ. ಅವರು ಟ್ಯಾಕ್ಸಿಯ ಖರ್ಚು ಬೇರೆ ಇಟ್ಟುಕೊಳ್ಳಲಿ.

ಅಮ್ಮನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಮನೆ ಸಾಮಾನೆಲ್ಲ ಯಾರ ಕೈಗೋ ಕೊಟ್ಟು ನಾವು ಆಟ ಆಡೋಕೆ ಹೋಗೋದಾ?" ಅವರ ಸಮಾಧಾನಕ್ಕೆ ಒಂದು ಬೆನ್ನುಚೀಲ ಮಾಡಿದೆವು: ಪಾಸ್‌ಪೋರ್ಟು, ಎಲ್ಲರ ಮಾತ್ರೆ, ಬಿಪಿ ನೋಡುವ ಯಂತ್ರ, ಚಾರ್ಜರು, ಒಂದೊಂದು ಸ್ವೆಟರು. ಅಮ್ಮ ಹೇಳದಿದ್ದರೂ ಇವು ಕೈಯಲ್ಲೇ ಇರಬೇಕಾದವು. ಇನ್ನು ಫ್ರಿಜ್ಜಿನ ಪದಾರ್ಥ. ತಣ್ಣಗಿಡಬೇಕಾದ್ದನ್ನು ಆ ವ್ಯಾನಿಗೆ ಹಾಕುವಂತಿಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ನಮ್ಮಲ್ಲಿ ಕಡ್ಡಾಯ ಮೊಸರನ್ನ. ಡಬ್ಬಿ ಖಾಲಿಯಾಗಬೇಕು. ಎಂಟಿಆರ್ ಉಪ್ಪಿಟ್ಟಿನ ಕಪ್ಪುಗಳು, ಚಟ್ನಿಪುಡಿ, ಉಪ್ಪಿನಕಾಯಿಗೆ ಈ ತೊಂದರೆ ಇಲ್ಲ, ಅವು ಪೆಟ್ಟಿಗೆಯಲ್ಲೇ ಪ್ರಯಾಣ ಮಾಡಿದವು.

ರೆಸಾರ್ಟಿನಿಂದ ರೆಸಾರ್ಟಿಗೆ ಸಾಮಾನ್ಯವಾಗಿ ನೇರ ಬಸ್ಸಿಲ್ಲ. ಯಾವುದಾದರೂ ಪಾರ್ಕಿಗೋ ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ-ಹೋಟೆಲುಗಳ ಜಾಗಕ್ಕೋ ಹೋಗಿ ಬಸ್ಸು ಬದಲಿಸಬೇಕು. ಅದನ್ನೇ ಉಪಯೋಗಿಸಿಕೊಂಡೆವು. ಪಾಪ್ ಸೆಂಚುರಿ ಬಿಟ್ಟ ದಿನವೇ ಅನಿಮಲ್ ಕಿಂಗ್‌ಡಮ್ ಪಾರ್ಕು. ರೆಸಾರ್ಟಿನಲ್ಲಿ ಉಳಿದವರಿಗೆ ಎಲ್ಲ ಪಾರ್ಕುಗಳಲ್ಲೂ ಅರ್ಧ ಗಂಟೆ ಮುಂಚೆ ಪ್ರವೇಶ ಇದೆ, ಬಿಡುವ ದಿನವೂ ಅದು ನಡೆಯುತ್ತದೆ. ನಸುಕಿನಲ್ಲೇ ಪೆಟ್ಟಿಗೆ ಒಪ್ಪಿಸಿ, ಬಸ್ಸು ಹತ್ತಿ, ಸಫಾರಿ ಮುಗಿಸಿ, ಮಧ್ಯಾಹ್ನ ಲಾಡ್ಜಿನ ಬಸ್ಸು. ಲಾಡ್ಜು ಕೂಗಳತೆಯಲ್ಲೇ ಇದೆ. ರೂಮು ಸಿಗುವವರೆಗಿನ ಹೊತ್ತನ್ನು ಪಕ್ಕದ ಕಿಡಾನಿ ವಿಲೇಜ್‌ನ ಸನಾ ಎಂಬ ಹೋಟೆಲಿನಲ್ಲಿ ಊಟಕ್ಕೆ ಕಾದಿರಿಸಿದ್ದೆ. ಆಫ್ರಿಕಾ ಮತ್ತು ಭಾರತದ ಅಡುಗೆ ಬೆರೆಸಿದ ಜಾಗ. ಬಗೆಬಗೆಯ ನಾನ್, ಜೊತೆಗೆ ರಾಯಿತ, ಹುಣಿಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಬರುತ್ತವೆ. ಕಿಟಕಿಯಾಚೆ ಜಿರಾಫೆ. ಅಷ್ಟು ದಿನ ಫ್ರೆಂಚ್ ಫ್ರೈಸ್ ನೋಡಿ ಮುಖ ಕಿವಿಚುತ್ತಿದ್ದ ಅಮ್ಮ ಅಂದು ಎರಡನೇ ನಾನ್ ಕೇಳಿದರು. ಊಟ ಮುಗಿಯುವಷ್ಟರಲ್ಲಿ ಫೋನಿಗೆ ರೂಮ್ ನಂಬರ್ ಬಂತು. ಕೈಗೆ ಕಟ್ಟಿದ್ದ ಮ್ಯಾಜಿಕ್ ಬ್ಯಾಂಡೇ ಹೊಸ ಬಾಗಿಲನ್ನೂ ತೆರೆಯಿತು, ರಿಸೆಪ್ಷನ್ನಿನಲ್ಲಿ ಸಾಲು ನಿಲ್ಲುವ ಕೆಲಸವಿಲ್ಲ. ಆನ್‌ಲೈನ್ ಚೆಕ್-ಇನ್ ಮುಂಚೆಯೇ ಮಾಡಿಟ್ಟಿರಬೇಕು ಅಷ್ಟೆ.

2001ರಲ್ಲಿ ತೆರೆದ ಈ ಲಾಡ್ಜಿನ ವಿಶೇಷ, ರೂಮಿನ ಬಾಲ್ಕನಿಯ ಕೆಳಗೇ ಹುಲ್ಲುಗಾವಲು, ಅದರಲ್ಲಿ ಅಡ್ಡಾಡುವ ಪ್ರಾಣಿಗಳು. ಆ ನೋಟದ ರೂಮಿಗೆ ನಾವು ಹೋದಾಗ ಪಾಪ್ ಸೆಂಚುರಿಯ ಸುಮಾರು ಮೂರು ಪಟ್ಟು ಬಾಡಿಗೆ. ಇಲ್ಲಿಯೇ ನನ್ನ ಮುಖ್ಯ ಮಾತು. ಇಂಥ ರೂಮು ಹಿಡಿದು ದಿನವಿಡೀ ಪಾರ್ಕಿನಲ್ಲಿ ಸುತ್ತುವುದು ದುಡ್ಡು ಸುರಿದಂತೆ. ಪಾರ್ಕಿಗೆ ಹೋಗದ ದಿನ ಇಲ್ಲಿರಬೇಕು. ನಾವು ನಡುವಿನ ವಿರಾಮದ ದಿನವನ್ನು ಇಲ್ಲಿಗೇ ಹೊಂದಿಸಿದ್ದೆವು. ಎರಡು ರೂಮುಗಳಲ್ಲಿ ಒಂದಕ್ಕೆ ಮಾತ್ರ ಆ ನೋಟ, ಇನ್ನೊಂದು ಸಾಧಾರಣದ್ದು. ಮಲಗುವುದು ಎಲ್ಲಿದ್ದರೇನು, ಬೆಳಗಾಗುತ್ತಲೇ ಎಲ್ಲರೂ ಒಂದೇ ಬಾಲ್ಕನಿಗೆ. ಲಾಬಿಯ ಹಿಂದೆಯೂ ನೋಡುವ ಜಾಗವಿದೆ, ಅದು ಎಲ್ಲರಿಗೂ ಮುಕ್ತ.

ಬೆಳಗಿನ ಕಾಫಿ ಹಿಡಿದು ಅಪ್ಪ ನೋಡುತ್ತಿದ್ದದ್ದು ಜಿರಾಫೆಯನ್ನಲ್ಲ, ಅಂಕೋಲೆ ಜಾತಿಯ ದನಗಳನ್ನು. ಪೂರ್ವ ಆಫ್ರಿಕಾದ ತಳಿ. ಕೊಂಬಿನ ಬುಡವೇ ಮನುಷ್ಯನ ತೊಡೆಗಾತ್ರ, ಅಲ್ಲಿಂದ ಎರಡೂ ಕಡೆಗೆ ಹರಡಿ ಮೇಲೆದ್ದಿರುತ್ತದೆ. ಬೀರೂರು, ಅಜ್ಜಂಪುರದ ಕಾವಲುಗಳಲ್ಲಿ ಅಮೃತಮಹಲ್ ದನ ನೋಡಿಕೊಂಡೇ ಬೆಳೆದವರು ಅಪ್ಪ. ಬಹಳ ಹೊತ್ತು ನೋಡಿ, "ನಮ್ಮವು ಕೊಂಬನ್ನ ಹಿಂದಕ್ಕೆ ಇಟ್ಕೊಂಡು ಓಡ್ತಾವೆ. ಇದನ್ನ ಗಾಡಿಗೆ ಕಟ್ಟೋದು ಹೆಂಗೋ? ನೊಗಕ್ಕೆ ಕುತ್ತಿಗೆ ಕೊಡೋಕ್ ಮುಂಚೆ ಪಕ್ಕದ ಎತ್ತಿನ ಕಣ್ಣು ಹೋಗುತ್ತೆ" ಅಂದರು. ಅಲ್ಲಿ ಕೆಲಸ ಮಾಡುತ್ತಿದ್ದ ಆಫ್ರಿಕಾದ ಹುಡುಗನೊಬ್ಬನಿಗೆ ನನ್ನ ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಕ್ಕಿದ್ದೇ ನಕ್ಕಿದ್ದು. ಅಪ್ಪ ಆ ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಆ ಬಾಡಿಗೆ ನನಗೆ ಭಾರ ಅನಿಸಲಿಲ್ಲ.

ಎರಡನೇ ಬದಲಾವಣೆಗೆ ಬೇರೆ ಉಪಾಯ. 2025ರಲ್ಲಿ ಡಿಸ್ನಿ ರೆಸಾರ್ಟುಗಳಲ್ಲಿ ಉಳಿಯುವವರಿಗೆ ಚೆಕ್-ಇನ್ ದಿನ ವಾಟರ್ ಪಾರ್ಕ್ ಪ್ರವೇಶ ಉಚಿತವಿತ್ತು. ಒಂದೇ ಕಡೆ ಉಳಿದವರಿಗೆ ಅದು ಒಂದು ಸಲ, ಅದೂ ವಿಮಾನ ಇಳಿದ ಸುಸ್ತಿನ ದಿನ. ನಮಗೆ ಪ್ರವಾಸದ ನಡುವೆಯೂ ಚೆಕ್-ಇನ್ ದಿನಗಳಿದ್ದವಲ್ಲ! ಲಾಡ್ಜಿನಲ್ಲಿ ಪೆಟ್ಟಿಗೆ ಒಪ್ಪಿಸಿ ಹೆಂಡತಿ, ಮಕ್ಕಳು ನೀರಾಟಕ್ಕೆ ಹೋದರು. ನಾನು ಅಪ್ಪ-ಅಮ್ಮನ ಜೊತೆ ಲಾಬಿಯ ಸೋಫಾದಲ್ಲಿ. ಚೆಕ್-ಔಟ್ ಆದರೂ ಯಾರೂ ಎಬ್ಬಿಸುವುದಿಲ್ಲ, ಅಮ್ಮ ಒಂದು ನಿದ್ದೆಯನ್ನೇ ಮಾಡಿದರು. ಆಮೇಲೆ ಮ್ಯಾಜಿಕ್ ಕಿಂಗ್‌ಡಮ್ ಬಸ್ಸು ಹಿಡಿದು, ಅಲ್ಲಿಂದ ಮಾನೋರೈಲಿನಲ್ಲಿ ಕಂಟೆಂಪರರಿ.

ಕಂಟೆಂಪರರಿಯ ಸೊಗಸೆಂದರೆ ಮಾನೋರೈಲು ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುವುದು. ಒಳಗೆ ಡಿಸ್ನಿಯ ಕಲಾವಿದೆ ಮೇರಿ ಬ್ಲೇರ್ ರಚಿಸಿದ, ಹಲವು ಅಂತಸ್ತುಗಳೆತ್ತರದ ಟೈಲ್ಸ್ ಚಿತ್ರವಿದೆ. ಅದರಲ್ಲೊಂದು ಮೇಕೆಗೆ ಐದು ಕಾಲು. ಹುಡುಕಿ ಅಂತ ಮಕ್ಕಳಿಗೆ ಹೇಳಿ ನಾವು ನೆಮ್ಮದಿಯಾಗಿ ಕುಳಿತೆವು. ಗೋಪುರದ ರೂಮುಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಪಕ್ಕದ ಗಾರ್ಡನ್ ವಿಂಗ್ ಹಿಡಿದೆವು. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾಲುದಾರಿ ಎರಡಕ್ಕೂ ಅದೇ, ಹತ್ತು ನಿಮಿಷ. ಅಮ್ಮ ಸುಸ್ತಾದಾಗ ಬಸ್ಸಿನ ಹಂಗಿಲ್ಲದೆ ಬಂದು ಮಲಗಿ, ಸಂಜೆ ದೀಪ ಹತ್ತುವ ಹೊತ್ತಿಗೆ ಮತ್ತೆ ಬಂದರು. ಒಂದೇ ಒಂದು ಎಚ್ಚರ: ನವೆಂಬರ್‌ನಿಂದ ಕೆಲವು ರಾತ್ರಿ ಕ್ರಿಸ್‌ಮಸ್ ಪಾರ್ಟಿ ಇರುತ್ತದೆ. ಅದರ ಪ್ರತ್ಯೇಕ ಟಿಕೆಟ್ ಇಲ್ಲದವರು ಸಂಜೆ 6ಕ್ಕೇ ಪಾರ್ಕ್ ಬಿಡಬೇಕು. ಪಾರ್ಟಿ ಇಲ್ಲದ ರಾತ್ರಿಗಳನ್ನು ನೋಡಿಯೇ ಕಂಟೆಂಪರರಿಯ ತಾರೀಖು ಆರಿಸಿದ್ದೆ. ಇಲ್ಲದಿದ್ದರೆ ಅಷ್ಟು ದುಡ್ಡು ಕೊಟ್ಟು ಹತ್ತಿರ ಉಳಿದದ್ದು ದಂಡ.

ನಾಲ್ಕು ರಾತ್ರಿಗಿಂತ ಕಡಿಮೆ ಹೋಗುವವರು, ಹಾಲುಗೂಸಿನವರು ಇದನ್ನು ಮಾಡಬೇಡಿ. ಮಧ್ಯಾಹ್ನ ರೂಮಿಲ್ಲದ ಆ ನಾಲ್ಕು ಗಂಟೆ ಅವರಿಗೆ ನರಕ. ಎರಡು ರೆಸಾರ್ಟು ಸಾಕು ಅನ್ನುವವರಿಗೆ ಪಾಪ್ ಸೆಂಚುರಿಯನ್ನೂ ಲಾಡ್ಜನ್ನೂ ಸೂಚಿಸುತ್ತೇನೆ, ಕಂಟೆಂಪರರಿಯನ್ನು ಬಿಡಿ.

ಪ್ರತಿ ಬುಕಿಂಗಿಗೂ ಲೆಕ್ಕ ಬೇರೆ. ಹಾಗಾಗಿ ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡನ್ನೂ ಪ್ರತಿಯೊಂದಕ್ಕೂ ಸೇರಿಸಬೇಕು, ಬಿಲ್ಲನ್ನೂ ಹಾಗೇ ನೋಡಬೇಕು. ಹಿಂದೆ ವಿಮಾನ ನಿಲ್ದಾಣಕ್ಕೆ ಡಿಸ್ನಿಯದೇ ಉಚಿತ ಬಸ್ಸಿತ್ತು, 2022ರ ಆರಂಭಕ್ಕೆ ಅದು ನಿಂತುಹೋಯಿತು. ಕೊನೆಯ ದಿನವೂ ಪೆಟ್ಟಿಗೆಗಳನ್ನು ಬೆಲ್ ಸರ್ವಿಸಸ್‌ಗೆ ಒಪ್ಪಿಸಿ, ಮಧ್ಯಾಹ್ನದವರೆಗೆ ಮಕ್ಕಳನ್ನು ಈಜುಕೊಳಕ್ಕೆ ಬಿಟ್ಟು, ಆರು ಜನಕ್ಕೂ ಸಾಮಾನಿಗೂ ಸಾಲುವಂಥ ಒಂದು ವ್ಯಾನು ಕರೆಸಿಕೊಂಡು ಹೊರಟೆವು.