ತೋಪಿಗೆ ಮೂರು ಹುಣಸೆ ಬೀಜ: ರಾಯಚೂರು ಕದನವನ್ನು ಮೇಜಿನ ಮೇಲೆ ಆಡುವುದು ಹೇಗೆ

ಹೋದ ಬೇಸಿಗೆಯಲ್ಲಿ ನಾಲ್ವರು ಗೆಳೆಯರು ರಾಯಚೂರಿನ ನಮ್ಮ ಮನೆಗೆ ಬಂದು ಪುಟ್ಟ ಸೈನಿಕರನ್ನಿಟ್ಟು ಯುದ್ಧ ಆಡಿದರು. ನಲವತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಆದಿಲ್ ಶಾಹನ ತೋಪುಗಳು ಪ್ರತಿ ಸರದಿಗೂ ಸಿಡಿದವು. ವಿಜಯನಗರದ ಪಡೆ ಅರ್ಧ ಮೇಜೂ ದಾಟಲಿಲ್ಲ. ಕೃಷ್ಣದೇವರಾಯನ ಪರ ಆಡುತ್ತಿದ್ದ ಗೆಳೆಯನ ಮುಖ ಬಾಡಿಹೋಯಿತು. ಆಮೇಲೆ ಇನ್ನೆರಡು ಮನೆಗಳಲ್ಲಿ ಇದೇ ತಪ್ಪು ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಥೆ ಎಲ್ಲರಿಗೂ ಗೊತ್ತಿರಲಿ. 1520ರ ಮೇ ತಿಂಗಳು. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬಿಡಿಸಲು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದ. ಬಿಜಾಪುರದ ತೋಪುಗಳು ಒಟ್ಟಿಗೇ ಗುಂಡು ಹಾರಿಸಿದವು. ವಿಜಯನಗರದ ಮುಂದಿನ ಸಾಲು ಒಡೆದು ಓಡಿತು, ಬಿಜಾಪುರದವರು ಅಟ್ಟಿಸಿಕೊಂಡು ಬಂದರು. ಆಗ ರಾಯ ಹಿಂದೆ ಉಳಿದಿದ್ದ ಪಡೆಯೊಂದಿಗೆ ತಾನೇ ನುಗ್ಗಿ ಅವರನ್ನು ನದಿಯವರೆಗೂ ಅಟ್ಟಿದ. ಇದನ್ನು ಪೋರ್ಚುಗೀಸ್ ವರ್ತಕ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ರಾಯನ ಕಡೆ 32,600 ಕುದುರೆ, 551 ಆನೆ ಇದ್ದವು ಅನ್ನುತ್ತಾನೆ. ಆ ಲೆಕ್ಕವನ್ನು ಮೇಜಿಗೆ ಇಳಿಸಲು ಹೋಗಬೇಡಿ, ತಲೆ ಕೆಡುತ್ತದೆ.

ಸೈನಿಕರು

1/72 ಅಳತೆಯ ಪ್ಲಾಸ್ಟಿಕ್ ಸೈನಿಕರು ಸಾಕು. ಒಬ್ಬೊಬ್ಬ ಎರಡೂವರೆ ಸೆಂಟಿಮೀಟರ್‌ಗೂ ಕಡಿಮೆ ಎತ್ತರ ಇರುತ್ತಾನೆ. ಬಣ್ಣ ಹಚ್ಚುವ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಪದರ ಪದರವಾಗಿ ಏಳುತ್ತದೆ. ಅಕ್ರಿಲಿಕ್ ಬಣ್ಣವನ್ನೇ ತನ್ನಿ. ‘ಭಾರತೀಯ ಸೇನೆ’ ಎಂದು ಬರೆದ ಡಬ್ಬಿಯನ್ನು ಆನ್‌ಲೈನ್‌ನಲ್ಲಿ ಚಿತ್ರ ನೋಡಿಯೇ ಕೊಳ್ಳಬೇಡಿ. ನನಗೆ ಬಂದದ್ದರಲ್ಲಿ ಅರ್ಧಕ್ಕರ್ಧ ರೋಮನ್ ಸೈನಿಕರಿದ್ದರು. ದುಡ್ಡು ಜಾಸ್ತಿ ಹಾಕಲು ಆಗದಿದ್ದರೆ ದಪ್ಪ ಕಾಗದದಲ್ಲಿ ಬರೆದು ಕತ್ತರಿಸಿ ನಿಲ್ಲಿಸಿ. ಆಟಕ್ಕೆ ಏನೂ ಕೊರತೆಯಾಗುವುದಿಲ್ಲ.

ಹಳೇ ಲಗ್ನಪತ್ರಿಕೆಯ ರಟ್ಟನ್ನು 4 ಸೆಂಟಿಮೀಟರ್ ಚೌಕವಾಗಿ ಕತ್ತರಿಸಿ, ನಾಲ್ಕು ಕಾಲಾಳು ಅಥವಾ ಎರಡು ಕುದುರೆ ಅಂಟಿಸಿ. ಆನೆ, ತೋಪು ಒಂದೊಂದೇ. ನಾವು ಇದನ್ನು ಬಿಲ್ಲೆ ಅನ್ನುತ್ತೇವೆ. ಬಿಸಿ ಅಂಟಿನ ಗನ್ ಬೇಡ, ನಮ್ಮೂರ ಮೇ ಬಿಸಿಲಿಗೆ ಅಂಟು ಮೆತ್ತಗಾಗಿ ಕುದುರೆಗಳು ಮಲಗಿಬಿಡುತ್ತವೆ. ಫೆವಿಕಾಲ್ ಬಳಿದು, ಜರಡಿ ಹಿಡಿದ ಎರೆಮಣ್ಣು ಉದುರಿಸಿ. ಒಣಗಿದಾಗ ಸಣ್ಣ ಬಿರುಕು ಬಿಡುತ್ತದೆ, ಬೇಸಿಗೆಯ ಹೊಲದ ಹಾಗೇ.

ವಿಜಯನಗರಕ್ಕೆ 16 ಬಿಲ್ಲೆ: ಮುಂದಿನ ಸಾಲಿಗೆ ಆರು ಕಾಲಾಳು, ಎರಡು ಆನೆ, ಹಿಂದಿನ ಸಾಲಿಗೆ ಐದು ಕುದುರೆ, ಎರಡು ಕಾಲಾಳು, ಕುದುರೆಯೇರಿದ ರಾಯ. ಬಿಜಾಪುರಕ್ಕೆ 12: ನಾಲ್ಕು ತೋಪು, ಐದು ಕುದುರೆ, ಎರಡು ಕಾಲಾಳು, ಆದಿಲ್ ಶಾಹ.

ಬಯಲು

ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಮೇಜು. ಬಿಜಾಪುರದ ತುದಿಗೆ ನೀಲಿ ಬಟ್ಟೆ ಹಾಸಿ, ಅದೇ ಕೃಷ್ಣೆ. ದಿಬ್ಬ ಬೇಕಿದ್ದರೆ ಕಿನ್ನಾಳದ ಗೊಂಬೆ ಮಾಡುವವರ ಹಾಗೆ ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಮಾಡಿ.

ಸರದಿ

ಸರದಿ ಬಂದಾಗ ಒಂದು ದಾಳ ಎಸೆಯಿರಿ. ಎಷ್ಟು ಬಿತ್ತೋ ಅಷ್ಟು ಬಿಲ್ಲೆ ನಡೆಸಬಹುದು. ಕಾಲಾಳು 10 ಸೆಂಟಿಮೀಟರ್, ಆನೆ 15, ಕುದುರೆ 20. ತೋಪು ಕದಲುವುದಿಲ್ಲ. ಬಿಲ್ಲೆಗೆ ಬಿಲ್ಲೆ ತಾಗಿದರೆ ಇಬ್ಬರೂ ದಾಳ ಎಸೆದು ಕಾಲಾಳಿಗೆ 1, ಕುದುರೆಗೆ 2, ಆನೆಗೆ 3 ಕೂಡಿಸಿ. ಸೋತ ಬಿಲ್ಲೆ 10 ಸೆಂಟಿಮೀಟರ್ ಹಿಂದಕ್ಕೆ. ಗೆದ್ದವನ ಮೊತ್ತ ಎರಡು ಪಟ್ಟು ಅಥವಾ ಜಾಸ್ತಿ ಇದ್ದರೆ ಸೋತದ್ದು ಆಟದಿಂದ ಹೊರಕ್ಕೆ. ಶತ್ರು ಮುಟ್ಟಿದ ತೋಪು ಹೋದಂತೆಯೇ. ನಿಯಮ ಇಷ್ಟೇ ಹೇಳಿ ಆಟ ಶುರು ಮಾಡಿ. ಒಂದು ಗಂಟೆ ನಿಯಮ ಓದುವವರ ಮನೆಗೆ ಗೆಳೆಯರು ಎರಡನೇ ಸಲ ಬರುವುದಿಲ್ಲ.

ತೋಪು: ಎಲ್ಲರೂ ಎಡವುವುದು ಇಲ್ಲೇ

ಎದುರಿಗಿರುವ ಬಿಲ್ಲೆಗೆ ತೋಪು ಹಾರಿಸುವಾಗ ಎರಡು ದಾಳ. 4 ಅಥವಾ ಜಾಸ್ತಿ ಬಿದ್ದ ಪ್ರತಿ ದಾಳಕ್ಕೂ ಆ ಬಿಲ್ಲೆ 20 ಸೆಂಟಿಮೀಟರ್ ಹಿಂದಕ್ಕೆ. ಎರಡೂ 6 ಬಿದ್ದರೆ ಹೊರಕ್ಕೆ. ಏಟು ದೊಡ್ಡದೇ, ಇರಲಿ. ಆದರೆ ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬುವುದೆಂದರೆ ಸುಮ್ನೆ ಮಾತಲ್ಲ. ನಳಿಕೆ ಒರೆಸಬೇಕು, ಮದ್ದು ಸುರಿದು ಗಿಡಿಯಬೇಕು, ಗುಂಡು ಇಳಿಸಬೇಕು, ಗುರಿ ಸರಿಮಾಡಬೇಕು. ಅಷ್ಟರಲ್ಲಿ ಕುದುರೆ ಮೈಮೇಲೆ ಬಂದಿರುತ್ತದೆ.

ಹಾಗಾಗಿ ತೋಪು ಹಾರಿದ ಕೂಡಲೇ ಅದರ ಹಿಂದೆ ಮೂರು ಹುಣಸೆ ಬೀಜ ಇಡಿ. ಬಿಜಾಪುರದ ಪ್ರತಿ ಸರದಿಯ ಶುರುವಿಗೆ ಒಂದೊಂದು ಬೀಜ ತೆಗೆಯಿರಿ. ಮೂರೂ ಹೋಗುವವರೆಗೆ ಆ ತೋಪು ಮೂಕ. ‘ನೆನಪಿಟ್ಟುಕೊಳ್ಳುತ್ತೇನೆ, ಬೀಜ ಯಾಕೆ’ ಎನ್ನುವವರ ಮಾತು ಕೇಳಬೇಡಿ. ಆಟದ ಬಿಸಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಮೊಬೈಲ್‌ನಲ್ಲಿ ಬರೆದುಕೊಳ್ಳುವುದೂ ಬೇಡ. ಬೀಜ ಎಲ್ಲರ ಕಣ್ಣಿಗೂ ಕಾಣುತ್ತದೆ. ಎರಡು ಬೀಜ ಉಳಿದಾಗ ರಾಯನ ಕಡೆಯವನು ಕುರ್ಚಿ ತುದಿಗೆ ಜರುಗುವುದನ್ನು ನೀವೇ ನೋಡುತ್ತೀರಿ.

ಎರಡನೇ ಮಾತು. ಗೆದ್ದ ಬಿಜಾಪುರದ ಕುದುರೆ ನಿಲ್ಲುವಂತಿಲ್ಲ. ಆಟಗಾರನಿಗೆ ಇಷ್ಟವಿರಲಿ ಬಿಡಲಿ, 10 ಸೆಂಟಿಮೀಟರ್ ಅಟ್ಟಿಕೊಂಡು ಹೋಗಲೇಬೇಕು. ತನ್ನ ಕುದುರೆ ಅಡ್ಡ ಬಂದರೆ ತೋಪು ಹಾರಿಸುವಂತಿಲ್ಲ. ಅಂದು ಬಿಜಾಪುರ ಸೋತ ದಾರಿಯೇ ಇದು, ಅಲ್ವಾ?

ಮೂರನೆಯದು ರಾಯನ ಕಡೆಯವರ ತಪ್ಪು. ಎರಡೂ ಸಾಲನ್ನು ಅಂಟಿಸಿದಂತೆ ನಿಲ್ಲಿಸುತ್ತಾರೆ. ಹಿಂದೆ ಸರಿಯುವ ಬಿಲ್ಲೆ ಯಾವುದಕ್ಕೆ ತಾಗುತ್ತದೋ ಅದನ್ನೂ ತಳ್ಳಿಕೊಂಡು ಹೋಗುತ್ತದೆ ಎಂಬುದು ನಮ್ಮ ನಿಯಮ. ಸಾಲುಗಳ ನಡುವೆ 30 ಸೆಂಟಿಮೀಟರ್ ಬಿಡಿ, ಅಳತೆಪಟ್ಟಿ ಇಟ್ಟೇ ಬಿಡಿ. ಒಂದು ಗೇಣು ಸಾಲದು.

ಉಂಗುರ

ಮುಂದಿನ ಸಾಲು ಒಡೆದಾಗ ರಾಯ ತನ್ನ ಬೆರಳಿನ ಉಂಗುರ ತೆಗೆದು ಸೇವಕನೊಬ್ಬನ ಕೈಗಿಟ್ಟ. ತಾನು ಸತ್ತರೆ ರಾಣಿಯರಿಗೆ ತೋರಿಸಲಿ ಎಂದು. ನೂನಿಜ್ ಬರೆದ ಈ ಮಾತು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಟದಲ್ಲೂ ಇದನ್ನು ಇಟ್ಟಿದ್ದೇವೆ. ಒಂದೇ ಒಂದು ಸಲ, ಸರದಿಯ ಶುರುವಿಗೆ, ರಾಯನ ಕಡೆಯವನು ನಿಜವಾದ ಉಂಗುರ ತೆಗೆದು ಎದುರಾಳಿಯ ಮುಂದೆ ಇಡಬೇಕು. ಆ ಸರದಿಗೆ ದಾಳ ಬೇಡ, ಹಿಂದಿನ ಸಾಲು ಪೂರ್ತಿ ನಡೆಯುತ್ತದೆ. ಅಲ್ಲಿಂದ ರಾಯನ ಬಿಲ್ಲೆ ಪ್ರತಿ ಸರದಿಯೂ ಮುಂದಕ್ಕೇ ಹೋಗಬೇಕು. ಅವನು ಬಿದ್ದರೆ ಆಟ ಮುಗಿದಂತೆ. ನನ್ನ ಮಾತು ಕೇಳಿ: ತೋಪುಗಳ ಹಿಂದೆ ಬೀಜ ಇರುವಾಗಲೇ ಉಂಗುರ ಇಡಿ.

ನೀಲಿ ಬಟ್ಟೆಗೆ ಸರಿದ ಬಿಲ್ಲೆ ಹೊರಕ್ಕೆ. ಬಿಜಾಪುರ ಆರು ಕಳೆದುಕೊಂಡರೆ ಸೋತಂತೆ, ವಿಜಯನಗರ ಎಂಟು ಕಳೆದುಕೊಂಡರೆ ಸೋತಂತೆ.

ಕೋಟೆಯನ್ನು ಇದೇ ಆಟಕ್ಕೆ ತುರುಕಬೇಡಿ. ಅದಕ್ಕೆ ಇನ್ನೊಂದು ಭಾನುವಾರ ಬೇಕು. ಪೋರ್ಚುಗೀಸರ ಕ್ರಿಸ್ಟೋವಾವ್ ದೆ ಫಿಗುಯೆರೆದೊನ ಬಂದೂಕಿನವರು ಗೋಡೆ ಮೇಲೆ ತಲೆ ಎತ್ತಿದವರನ್ನು ಹೊಡೆಯುತ್ತಿದ್ದರು, ಕೆಳಗೆ ರಾಯನ ಜನ ಗೋಡೆಯ ಕಲ್ಲು ಕೀಳುತ್ತಿದ್ದರು. ಗೋಡೆಗೆ ಜೋಳದ ದಂಟು ಈಗಲೇ ಒಣಗಿಸಿಡಿ.